‘ಎಲ್ಲಿ? ಎಷ್ಟು ಗಂಟೆಗೆ?’ ಉತ್ತರ ಹೇಳಲು ಬಾಟ್ ಇರಲಿ

ಭಾನುವಾರ ಮುಂಬೈಯ ಮಾಟುಂಗದಲ್ಲಿ ಯಕ್ಷಗಾನ ಇದೆ ಅಂತ ಕನ್ನಡ ಸಂಘದ ಗ್ರೂಪಿಗೆ ಪೋಸ್ಟರ್ ಹಾಕಿ ನೋಡಿ. ದಿನ, ಸಮಯ, ವಿಳಾಸ ಎಲ್ಲ ಅದರಲ್ಲೇ ಇರುತ್ತದೆ. ಆದರೂ ಫೋನ್ ಬರುತ್ತದೆ. ಎಷ್ಟು ಗಂಟೆಗೆ ಶುರು? ಎಲ್ಲಿ ಇಳಿಯಬೇಕು? ಊಟ ಉಂಟಾ? ಸಂಘದ ಕಾರ್ಯದರ್ಶಿ ಪಾಪ, ಆಫೀಸಿನ ಕೆಲಸದ ನಡುವೆ ಅದನ್ನೇ ಹೇಳುತ್ತಾ ಕೂರಬೇಕು. ಈ ಕೆಲಸವನ್ನು ಟೆಲಿಗ್ರಾಮ್ ಬಾಟ್‌ಗೆ, ಅಂದರೆ ಮೆಸೇಜಿಗೆ ತಾನಾಗಿ ಉತ್ತರ ಕೊಡುವ ಪ್ರೋಗ್ರಾಮಿಗೆ ಒಪ್ಪಿಸಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಗೊತ್ತಿರುವ ಹುಡುಗನೋ ಹುಡುಗಿಯೋ ಸಂಘದಲ್ಲಿದ್ದರೆ ಸಾಕು.

ವಾಟ್ಸಾಪ್ ಯಾಕೆ ಬೇಡ ಅಂತೀರಾ? ಅಲ್ಲಿ ಬಿಸಿನೆಸ್ ಖಾತೆ ಬೇಕು, ಕೆಲವು ಬಗೆಯ ಮೆಸೇಜಿಗೆ ದುಡ್ಡೂ ಕಟ್ಟಬೇಕು. ಅಡ್ಡದಾರಿಯ ಲೈಬ್ರರಿಗಳು ಸಿಗುತ್ತವೆ, ಆದರೆ ನಂಬರೇ ಬ್ಲಾಕ್ ಆಗಬಹುದು. ಟೆಲಿಗ್ರಾಮ್ 2015ರಲ್ಲೇ ಬಾಟ್‌ಗಳಿಗೆ ಅವಕಾಶ ಕೊಟ್ಟಿದೆ. ಶುಲ್ಕವಿಲ್ಲ.

ಮೊದಲು ಪ್ರಶ್ನೆ, ಆಮೇಲೆ ಕೋಡ್

ಗ್ರೂಪಿನ ಹಳೇ ಮೆಸೇಜ್‌ಗಳನ್ನು ತಿರುವಿ ಹಾಕಿ. ಜನ ಕೇಳುವುದು ನಾಲ್ಕೈದೇ ಪ್ರಶ್ನೆ. ಅವುಗಳ ಉತ್ತರ ಬರೆದಿಟ್ಟುಕೊಳ್ಳಿ. ಎಲ್ಲದಕ್ಕೂ ಉತ್ತರಿಸುವ ಎಐ ಬಾಟ್ ಮಾಡಹೊರಟರೆ ಇಲ್ಲದ ಊಟವನ್ನೂ ಇದೆ ಅಂದೀತು. ನನ್ನ ಮಟ್ಟಿಗೆ ಸಂಘಕ್ಕೆ ಅದು ಬೇಡವೇ ಬೇಡ.

ಈಗ ಟೆಲಿಗ್ರಾಮ್‌ನಲ್ಲಿ ಬಾಟ್‌ಫಾದರ್ ಎಂದು ಹುಡುಕಿ. ಹೊಸ ಬಾಟ್ ಮಾಡಿಕೊಡುವ ಟೆಲಿಗ್ರಾಮ್‌ನದೇ ಬಾಟ್ ಅದು. ನೀಲಿ ಟಿಕ್ ಇರುವುದನ್ನೇ ತೆರೆದು ‘ನ್ಯೂಬಾಟ್’ ಕಮಾಂಡ್ (‘/’ ಗುರುತಿನಿಂದ ಶುರುವಾಗುವ ಆದೇಶ) ಕಳಿಸಿ. ಕಾಣುವ ಹೆಸರು ಕನ್ನಡದಲ್ಲೇ ಇರಬಹುದು. ಯೂಸರ್‌ನೇಮ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿದ್ದು ‘ಬಾಟ್’ ಎಂದೇ ಮುಗಿಯಬೇಕು. ಕೊನೆಗೆ ಒಂದು ಟೋಕನ್, ಅಂದರೆ ಬಾಟಿನ ಗುಟ್ಟಿನ ಕೀಲಿ, ಬರುತ್ತದೆ. ಅದು ಸಿಕ್ಕವರು ನಿಮ್ಮ ಬಾಟನ್ನು ಪೂರ್ತಿ ನಡೆಸಬಹುದು. ಹಾಗಾಗಿ ಕೋಡಿನ ಒಳಗೆ ಬರೆಯಬೇಡಿ, ಕೋಡಿನ ಹೊರಗೆ ಕಂಪ್ಯೂಟರಿನ ಸೆಟ್ಟಿಂಗ್ ಆಗಿರುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಡಿ. ಯಾರಿಗಾದರೂ ಸಿಕ್ಕಿತು ಅನಿಸಿದರೆ ಬಾಟ್‌ಫಾದರ್‌ಗೆ ‘ರಿವೋಕ್’ ಕಳಿಸಿ ಹೊಸದು ಪಡೆಯಿರಿ.

ಕಂಪ್ಯೂಟರಿನಲ್ಲಿ ಪಿಪ್ (ಪೈಥಾನ್‌ಗೆ ಲೈಬ್ರರಿ ತಂದುಕೊಡುವ ಸಾಧನ) ಬಳಸಿ ‘ಪೈಥಾನ್-ಟೆಲಿಗ್ರಾಮ್-ಬಾಟ್’ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಇನ್‌ಸ್ಟಾಲ್ ಮಾಡಿ. ಒಂದು ಎಚ್ಚರಿಕೆ. ಇದರ 20ನೇ ಆವೃತ್ತಿಯಿಂದ ಎಲ್ಲವೂ ಅಸಿಂಕ್ ರೀತಿಗೆ, ಅಂದರೆ ಒಂದು ಕೆಲಸ ಕಾಯುವಾಗ ಇನ್ನೊಂದನ್ನು ಮಾಡುವ ರೀತಿಗೆ ಬದಲಾಗಿದೆ. ಯೂಟ್ಯೂಬಿನ ಹಳೇ ಪಾಠ ನೋಡಿ ಬರೆದ ಕೋಡ್ ಓಡುವುದಿಲ್ಲ. ಫಂಕ್ಷನ್ ಮುಂದೆ ‘ಅಸಿಂಕ್ ಡೆಫ್’, ಮೆಸೇಜ್ ಕಳಿಸುವ ಸಾಲಿನಲ್ಲಿ ‘ಅವೇಟ್’ ಇರಲೇಬೇಕು. ಉಳಿದದ್ದು ಸರಳ: ಟೋಕನ್ ಕೊಟ್ಟು ಅಪ್ಲಿಕೇಶನ್ ಕಟ್ಟುವುದು, ಕಮಾಂಡ್‌ಗಳಿಗೆ ಕಮಾಂಡ್‌ಹ್ಯಾಂಡ್ಲರ್, ಬಟನ್‌ಗಳಿಗೆ ಕಾಲ್‌ಬ್ಯಾಕ್‌ಕ್ವೆರಿಹ್ಯಾಂಡ್ಲರ್ ಸೇರಿಸುವುದು, ‘ರನ್ ಪೋಲಿಂಗ್’ ಕರೆಯುವುದು.

ಟೈಪ್ ಮಾಡಿಸಬೇಡಿ, ಬಟನ್ ಕೊಡಿ

ಕಮಾಂಡ್‌ಗಳಲ್ಲಿ ಕನ್ನಡ ಅಕ್ಷರ ನಡೆಯುವುದಿಲ್ಲ. ಸಾಮಾನ್ಯ ಮೆಸೇಜಿನಲ್ಲಿ ಕನ್ನಡ ಬರೆಯಬಹುದು ನಿಜ, ಆದರೆ ಮುಂಬೈಯವರ ಟೈಪಿಂಗ್ ಗೊತ್ತಲ್ವಾ? ಒಬ್ಬರು ಕನ್ನಡ ಲಿಪಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಮಕ್ಕಳು ಅರ್ಧ ಮರಾಠಿ. ಅದೂ ಅಲ್ಲದೆ ‘ೋ’ ಎಂಬ ಒಂದೇ ಚಿಹ್ನೆ ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಕೊಡುವ ಸಂಕೇತ ಪದ್ಧತಿ) ಇಡಿಯಾಗಿಯೂ ಬರಬಹುದು, ತುಂಡುಗಳಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಪೈಥಾನ್‌ನ ‘ಯೂನಿಕೋಡ್‌ಡೇಟಾ’ದಲ್ಲಿ ತುಂಡುಗಳನ್ನು ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಅದು ಸರಿಹೋಗುತ್ತದೆ. ಆದರೂ ಬಟನ್ನೇ ವಾಸಿ.

ಉದಾಹರಣೆಗೆ ‘ಹೇಗೆ ಬರುವುದು?’ ಒತ್ತಿದವರಿಗೆ ಲೋಕಲ್ ರೈಲಿನ ಸೆಂಟ್ರಲ್, ವೆಸ್ಟರ್ನ್, ಹಾರ್ಬರ್ ಮಾರ್ಗಗಳಿಗೆ ಮೂರು ಬಟನ್ ತೋರಿಸಿ. ಡೊಂಬಿವಲಿ, ಠಾಣೆ ಕಡೆಯವರು ಸೆಂಟ್ರಲ್ ಒತ್ತಿದರೆ ‘ಮಾಟುಂಗ ಸ್ಟೇಷನ್, ಸ್ಲೋ ಲೋಕಲ್ ಹಿಡಿಯಿರಿ’ ಎಂದು ಬರಲಿ. ಬೊರಿವಲಿ ಕಡೆಯವರಿಗೆ ವೆಸ್ಟರ್ನ್, ಅವರಿಗೆ ಮಾಟುಂಗ ರೋಡ್. ಎರಡೂ ಬೇರೆ ಬೇರೆ ಸ್ಟೇಷನ್, ಇದನ್ನು ಬಾಟ್ ಒತ್ತಿ ಹೇಳಬೇಕು. ವಾಶಿ, ಪನ್ವೇಲ್‌ನವರು ಹಾರ್ಬರ್ ಒತ್ತಿದರೆ ‘ವಡಾಲಾದಲ್ಲಿ ಗಾಡಿ ಬದಲಿಸಿ ಕಿಂಗ್ಸ್ ಸರ್ಕಲ್‌ನಲ್ಲಿ ಇಳಿಯಿರಿ’ ಅನ್ನಲಿ. ಜೊತೆಗೆ ಸ್ಟೇಷನ್ನಿನ ಈಸ್ಟಾ ವೆಸ್ಟಾ ಅನ್ನುವುದನ್ನು ಬರೆಯದಿದ್ದರೆ ಫೋನ್ ಮತ್ತೆ ನಿಮಗೇ ಬರುತ್ತದೆ.

ಬಟನ್ ಹಿಂದೆ ಅಡಗಿರುವ ಡೇಟಾ 64 ಬೈಟ್ ದಾಟಬಾರದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತ ಚಿಹ್ನೆಗೂ 3 ಬೈಟ್. 21 ಚಿಹ್ನೆಗೆ ಜಾಗ ಮುಗಿಯಿತು. ಆದ್ದರಿಂದ ಬಟನ್ ಮೇಲೆ ಕನ್ನಡ, ಹಿಂದೆ ಒಂದೆರಡು ಇಂಗ್ಲಿಷ್ ಅಕ್ಷರದ ಗುರುತು. ಒತ್ತಿದ ಮೇಲೆ ‘ಕ್ವೆರಿ ಡಾಟ್ ಆನ್ಸರ್’ ಕರೆಯಲು ಮರೆಯಬೇಡಿ. ಇಲ್ಲದಿದ್ದರೆ ಬಟನ್ ಸುಮ್ನೆ ಲೋಡ್ ಆಗುತ್ತಲೇ ಇರುತ್ತದೆ.

ಎಲ್ಲಿ ಓಡಿಸುವುದು?

ಪೋಲಿಂಗ್ ಅಂದರೆ ಹೊಸ ಮೆಸೇಜ್ ಬಂತಾ ಅಂತ ಬಾಟೇ ಟೆಲಿಗ್ರಾಮ್ ಸರ್ವರನ್ನು ಕೇಳುತ್ತಿರುವುದು. ಮನೆಯ ಬ್ರಾಡ್‌ಬ್ಯಾಂಡ್, ಒಂದು ಹಳೇ ಲ್ಯಾಪ್‌ಟಾಪ್ ಸಾಕು. ಕರೆಂಟ್ ಹೋದರೂ ಬಂದ ಮೆಸೇಜ್‌ಗಳು 24 ಗಂಟೆವರೆಗೆ ಸರ್ವರಿನಲ್ಲಿ ಕಾದಿರುತ್ತವೆ. ಒಂದೇ ಟೋಕನ್‌ನಲ್ಲಿ ಎರಡು ಕಡೆ ಓಡಿಸಿದರೆ ಮಾತ್ರ ‘ಕಾನ್‌ಫ್ಲಿಕ್ಟ್’ ಎರರ್ ಗ್ಯಾರಂಟಿ.

ಬಾಟ್ ತಾನಾಗಿ ಯಾರನ್ನೂ ಮಾತಾಡಿಸುವಂತಿಲ್ಲ, ಜನರೇ ಮೊದಲು ‘ಸ್ಟಾರ್ಟ್’ ಒತ್ತಬೇಕು. ಪೋಸ್ಟರಿನಲ್ಲಿ ಕ್ಯೂಆರ್ ಕೋಡ್ ಹಾಕಿಬಿಡಿ. ಒತ್ತಿದವರ ಐಡಿಗಳನ್ನು ಫೈಲಿನಲ್ಲಿ ಉಳಿಸಿಕೊಂಡರೆ ಕಾರ್ಯಕ್ರಮದ ದಿನ ನೆನಪಿನ ಮೆಸೇಜ್ ಕಳಿಸಬಹುದು. ಅದಕ್ಕೆ ಹೇಳಿದ ಹೊತ್ತಿಗೆ ಕೆಲಸ ಮಾಡುವ ‘ಜಾಬ್ ಕ್ಯೂ’ ಇದೆ, ಅದನ್ನು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಬೇಕು. ಅದರ ಗಡಿಯಾರ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಟೈಮ್‌ಝೋನ್ ‘ಏಷ್ಯಾ/ಕೋಲ್ಕತಾ’ ಎಂದು ಹೇಳದಿದ್ದರೆ ಬೆಳಿಗ್ಗೆ 8ರ ಮೆಸೇಜ್ ಮಧ್ಯಾಹ್ನ 1.30ಕ್ಕೆ ಹೋಗುತ್ತದೆ. ವಾರದ ಲೆಕ್ಕದಲ್ಲಿ 20ನೇ ಆವೃತ್ತಿಯಿಂದ 0 ಅಂದರೆ ಭಾನುವಾರ, ಮುಂಚೆ ಸೋಮವಾರ ಇತ್ತು.

ಭಾನುವಾರದ ಮೆಸೇಜಿನಲ್ಲಿ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಕೆಲ ಗಂಟೆ ಲೋಕಲ್ ನಿಲ್ಲಿಸುವುದು ಅಥವಾ ಬೇರೆ ಹಳಿಗೆ ತಿರುಗಿಸುವುದು) ವಿಷಯ ಇರಲೇಬೇಕು. ಅದು ವಾರ ವಾರ ಬದಲಾಗುವುದರಿಂದ ಕೋಡಿನಲ್ಲಿ ಬರೆದಿಡಲಾಗದು. ಕಾರ್ಯದರ್ಶಿಗಳ ಐಡಿಗೆ ಮಾತ್ರ ತೆರೆಯುವ ಒಂದು ಕಮಾಂಡ್ ಮಾಡಿ. ಶನಿವಾರ ರಾತ್ರಿ ರೈಲ್ವೆಯ ಪ್ರಕಟಣೆ ನೋಡಿ ಅವರು ಎರಡು ಸಾಲು ಟೈಪ್ ಮಾಡಿದರೆ, ‘ಹೇಗೆ ಬರುವುದು?’ ಉತ್ತರದ ಕೆಳಗೆ ಅದು ತಾನಾಗಿ ಸೇರಿಕೊಳ್ಳಲಿ.