ಅಮೆರಿಕದ ಶಾಲೆಗಳಲ್ಲಿ ‘ಕ್ರಿಟಿಕಲ್ ರೇಸ್ ಥಿಯರಿ’: ಈ ಜಗಳವನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ವರ್ಜೀನಿಯಾದಲ್ಲೋ ಟೆಕ್ಸಸ್‌ನಲ್ಲೋ ನೆಲೆಸಿರುವ ಮಗಳು ಫೋನಿನಲ್ಲಿ ಮಾತನಾಡುತ್ತಾ, ಮೊಮ್ಮಗನ ಶಾಲೆಯಲ್ಲಿ ‘ಸಿಆರ್‌ಟಿ’ (ಕ್ರಿಟಿಕಲ್ ರೇಸ್ ಥಿಯರಿ) ಕಲಿಸುತ್ತಾರಂತೆ ಎಂದು ಒಂದು ವಾರ, ಅದನ್ನು ಕಲಿಸಬಾರದೆಂದು ಕಾನೂನೇ ಬಂದಿದೆಯಂತೆ ಎಂದು ಇನ್ನೊಂದು ವಾರ ಹೇಳಿದರೆ, ಇಲ್ಲಿರುವ ಅಜ್ಜ ಅಜ್ಜಿಯರಿಗೆ ತಲೆಬುಡ ತಿಳಿಯದಿರುವುದು ಸಹಜ. ಅಲ್ಲಿಯ ತಂದೆತಾಯಂದಿರ ಪಾಡೂ ಹೆಚ್ಚು ಬೇರೆಯಲ್ಲ. ‘ಕ್ರಿಟಿಕಲ್ ರೇಸ್ ಥಿಯರಿ’ ಎಂಬ ಹೆಸರನ್ನು ಕೇಳಿದೊಡನೆ ಒಂದು ಪಕ್ಷಕ್ಕೆ ಸೇರಿಬಿಡುವುದು ಸುಲಭ. ಯಾವ ಪಾಠ, ಯಾವ ಕಾನೂನು, ಅದರ ಯಾವ ಸಾಲು ಎಂದು ಕೇಳಿ ನೋಡುವುದು ತುಸು ಶ್ರಮದ ಕೆಲಸ. ಆ ಶ್ರಮಕ್ಕೆ ಸಿದ್ಧರಿರುವವರಿಗಾಗಿ ಈ ಲೇಖನ.

ಮೊದಲ ಹೆಜ್ಜೆ: ಒಂದು ಹೆಸರಿನ ಎರಡು ಅರ್ಥಗಳನ್ನು ಬೇರ್ಪಡಿಸಿ

ಮೊದಲ ಅರ್ಥ ಕಾನೂನು ಕಾಲೇಜುಗಳದ್ದು. ಬಿಳಿಯ ಮಕ್ಕಳನ್ನೂ ಕಪ್ಪು ಮಕ್ಕಳನ್ನೂ ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 1954ರಲ್ಲಿ ಬ್ರೌನ್ ಪ್ರಕರಣದಲ್ಲಿ ತೀರ್ಪಿತ್ತಿತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನ ಹಕ್ಕಿನ ಕಾಯ್ದೆ, 1968ರಲ್ಲಿ ವಸತಿ ಹಕ್ಕಿನ ಕಾಯ್ದೆ ಬಂದವು. ಕಾನೂನಿನ ಪುಸ್ತಕದಿಂದ ಭೇದ ಅಳಿಸಿಹೋದರೂ ಬದುಕಿನಿಂದ ಏಕೆ ಅಳಿಯಲಿಲ್ಲ ಎಂಬ ಪ್ರಶ್ನೆಯನ್ನು 1970ರ ದಶಕದಲ್ಲಿ ಕೆಲವು ಕಾನೂನು ಪ್ರಾಧ್ಯಾಪಕರು ಎತ್ತಿಕೊಂಡರು. ಅವರಲ್ಲಿ ಮುಖ್ಯರಾದ ಡೆರಿಕ್ ಬೆಲ್, ದಕ್ಷಿಣದ ರಾಜ್ಯಗಳ ಶಾಲಾ ಮೊಕದ್ದಮೆಗಳಲ್ಲಿ ವಕೀಲರಾಗಿ ಪಳಗಿ, 1971ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಮೊದಲ ಕಪ್ಪುವರ್ಣೀಯ ಕಾಯಂ ಪ್ರಾಧ್ಯಾಪಕರಾದವರು. ಬ್ರೌನ್ ತೀರ್ಪು ಬಂದದ್ದು ಕೇವಲ ನ್ಯಾಯಬುದ್ಧಿಯಿಂದಲ್ಲ, ಶೀತಲ ಸಮರದ ಹೊತ್ತಿನಲ್ಲಿ ಬಿಳಿಯರ ಹಿತವೂ ಕಪ್ಪುಜನರ ಹಿತವೂ ಒಂದೆಡೆ ಕೂಡಿದ್ದರಿಂದ ಎಂದು 1980ರಲ್ಲಿ ಅವರು ಬರೆದರು. ಕಿಂಬರ್ಲೆ ಕ್ರೆನ್‌ಶಾ, ರಿಚರ್ಡ್ ಡೆಲ್ಗಾಡೊ, ಮಾರಿ ಮಾತ್ಸುಡ ಮೊದಲಾದವರು ಈ ವಿಚಾರವನ್ನು ಬೆಳೆಸಿದರು. 1989ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಡೆದ ಕಮ್ಮಟದಲ್ಲಿ ಈ ಹೆಸರು ನೆಲೆಗೊಂಡಿತು.

ಇವರ ವಾದದ ತಿರುಳನ್ನು ಒಂದು ಉದಾಹರಣೆಯಿಂದ ಹಿಡಿಯಬಹುದು. 1930ರ ದಶಕದಲ್ಲಿ ಫೆಡರಲ್ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಅಮೆರಿಕದ ನಗರಗಳ ನಕ್ಷೆಗಳನ್ನು ಬಣ್ಣಗಳಲ್ಲಿ ಗುರುತಿಸಿ, ಕಪ್ಪುಜನರು ವಾಸಿಸುವ ಕೇರಿಗಳಿಗೆ ‘ಸಾಲಕ್ಕೆ ಅಪಾಯಕಾರಿ’ ಎಂಬ ಕೆಂಪು ಬಳಿದಿತ್ತು. ಸರ್ಕಾರದ ಖಾತರಿಯುಳ್ಳ ಅಗ್ಗದ ಗೃಹಸಾಲ ಅಂಥ ಕೇರಿಗಳನ್ನು ಬಹುಮಟ್ಟಿಗೆ ಮುಟ್ಟಲೇ ಇಲ್ಲ. ಸ್ವಂತ ಮನೆ ಮಾಡಿಕೊಂಡವರ ಮೊಮ್ಮಕ್ಕಳಿಗೆ ಆಸ್ತಿ ಬಂತು, ಬಾಡಿಗೆಗೆ ಇದ್ದವರ ಮೊಮ್ಮಕ್ಕಳಿಗೆ ಬಾಡಿಗೆ ಚೀಟಿ ಉಳಿಯಿತು. ಅಲ್ಲಿ ಶಾಲೆಗಳ ಹಣದ ದೊಡ್ಡ ಪಾಲು ಬರುವುದು ಸ್ಥಳೀಯ ಆಸ್ತಿ ತೆರಿಗೆಯಿಂದ. ಈ ಬಗೆಯ ಹಣಕಾಸಿನ ಅಸಮಾನತೆ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1973ರಲ್ಲಿ 5–4ರ ಬಹುಮತದಿಂದ ಹೇಳಿತು. ಹೀಗಾಗಿ, ಇಂದು ಆ ವ್ಯವಸ್ಥೆಯನ್ನು ನಡೆಸುತ್ತಿರುವ ಯಾರ ಮನಸ್ಸಿನಲ್ಲಿಯೂ ದ್ವೇಷವಿಲ್ಲದಿದ್ದರೂ, ನೀತಿಯೇ ತನ್ನ ಪಾಡಿಗೆ ಭೇದವನ್ನು ಮುಂದುವರಿಸುತ್ತ ಹೋಗುತ್ತದೆ ಎಂಬುದು ಸಿದ್ಧಾಂತದ ಮಾತು. ಇದನ್ನು ಎಲ್ಲ ವಿದ್ವಾಂಸರೂ ಒಪ್ಪಿದ್ದರೆಂದು ತಿಳಿಯಬೇಕಿಲ್ಲ. ಹಾರ್ವರ್ಡ್‌ನವರೇ ಆದ ಕಪ್ಪುವರ್ಣೀಯ ಪ್ರಾಧ್ಯಾಪಕ ರ್‍ಯಾಂಡಲ್ ಕೆನಡಿ 1989ರಲ್ಲಿಯೇ ಇದರ ಹಲವು ವಾದಗಳನ್ನು ಕಟುವಾಗಿ ವಿಮರ್ಶಿಸಿದ್ದರು.

ಎರಡನೆಯ ಅರ್ಥ ಟೆಲಿವಿಷನ್ನಿನಲ್ಲಿ ಹುಟ್ಟಿದ್ದು, ಅದಕ್ಕೆ ವಯಸ್ಸು ಕಡಿಮೆ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಕಚೇರಿಗಳಲ್ಲೂ ಶಾಲೆಗಳಲ್ಲೂ ವರ್ಣಭೇದ ಕುರಿತ ತರಬೇತಿಗಳು ಹೆಚ್ಚಿದವು. ಆ ಸೆಪ್ಟೆಂಬರ್‌ನಲ್ಲಿ ಕ್ರಿಸ್ಟೊಫರ್ ರೂಫೊ ಎಂಬ ಸಂಪ್ರದಾಯವಾದಿ ಪ್ರಚಾರಕರು ಫಾಕ್ಸ್ ನ್ಯೂಸ್‌ನಲ್ಲಿ ಇಂಥ ತರಬೇತಿಗಳನ್ನೆಲ್ಲ ‘ಕ್ರಿಟಿಕಲ್ ರೇಸ್ ಥಿಯರಿ’ ಎಂದು ಕರೆದರು. ಅದೇ ತಿಂಗಳ 22ರಂದು ಅಧ್ಯಕ್ಷ ಟ್ರಂಪ್ ಫೆಡರಲ್ ಕಚೇರಿಗಳ ಮತ್ತು ಗುತ್ತಿಗೆದಾರರ ತರಬೇತಿಗೆ ಲಗಾಮು ಹಾಕುವ ಆದೇಶ ಹೊರಡಿಸಿದರು. ಅಧ್ಯಕ್ಷ ಬೈಡನ್ 2021ರ ಜನವರಿ 20ರಂದು ಅದನ್ನು ರದ್ದುಪಡಿಸಿದರಾದರೂ ಅದರಲ್ಲಿದ್ದ ‘ಒಡಕು ತರುವ ವಿಚಾರ’ಗಳ ಪಟ್ಟಿ ಮಾತ್ರ ಸಾಯಲಿಲ್ಲ, ರಾಜ್ಯಗಳ ಮಸೂದೆಗಳಿಗೆ ಹೆಚ್ಚುಕಡಿಮೆ ಅಕ್ಷರಶಃ ಇಳಿಯಿತು. ಪತ್ರಿಕೆಯಲ್ಲಿ ಏನು ಹುಚ್ಚುತನ ಓದಿದರೂ ಜನರಿಗೆ ತಕ್ಷಣ ಈ ಹೆಸರು ನೆನಪಾಗಬೇಕೆಂಬುದೇ ತಮ್ಮ ಗುರಿಯೆಂದು ರೂಫೊ 2021ರ ಮಾರ್ಚ್‌ನಲ್ಲಿ ತಾವೇ ಟ್ವಿಟರ್‌ನಲ್ಲಿ ಬರೆದುಕೊಂಡರು. ಇಷ್ಟು ಬಿಚ್ಚುಮನಸ್ಸಿನ ಪ್ರಚಾರಕರು ರಾಜಕೀಯದಲ್ಲಿ ಅಪರೂಪ.

ಎರಡನೆಯ ಹೆಜ್ಜೆ: ತೀರ್ಮಾನ ಮಾಡುವವರು ಯಾರೆಂದು ನೋಡಿ

ಅಮೆರಿಕಕ್ಕೆ ರಾಷ್ಟ್ರೀಯ ಪಠ್ಯಪುಸ್ತಕವೆಂಬುದಿಲ್ಲ. ಶಿಕ್ಷಣ ರಾಜ್ಯಗಳ ಅಧಿಕಾರ. ಏನನ್ನು ಕಲಿಸಬೇಕೆಂಬ ಮಾನದಂಡವನ್ನು ರಾಜ್ಯ ರೂಪಿಸುತ್ತದೆ, ಪುಸ್ತಕ ಮತ್ತು ಪಾಠಕ್ರಮವನ್ನು ಹೆಚ್ಚಾಗಿ ಶಾಲಾ ಜಿಲ್ಲೆ ಆರಿಸುತ್ತದೆ, ಅಂಥ ಜಿಲ್ಲೆಗಳು ಸುಮಾರು 13,000 ಇವೆ. ಬಹುತೇಕ ಜಿಲ್ಲೆಗಳನ್ನು ನಡೆಸುವುದು ಜನರಿಂದ ಚುನಾಯಿತವಾದ ಸ್ಕೂಲ್ ಬೋರ್ಡ್. ಆದ್ದರಿಂದ ‘ಅಮೆರಿಕದ ಶಾಲೆಗಳಲ್ಲಿ ಕಲಿಸುತ್ತಾರೆ’ ಅಥವಾ ‘ಕಲಿಸುವುದಿಲ್ಲ’ ಎಂಬ ಎರಡು ವಾಕ್ಯಗಳೂ ಹಾಗೆಹಾಗೆಯೇ ಅರ್ಥಹೀನ. ಯಾವ ರಾಜ್ಯ, ಯಾವ ಜಿಲ್ಲೆ ಎಂದು ಕೇಳದೆ ಮುಂದೆ ಹೋಗಬೇಡಿ.

ಮೂರನೆಯ ಹೆಜ್ಜೆ: ಕಾನೂನಿನ ಪದಗಳನ್ನೇ ಓದಿ

ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು. ಹೆಚ್ಚು ಫಲ ಕೊಡುವುದೂ ಇದೇ. 2021ರ ಏಪ್ರಿಲ್‌ನಲ್ಲಿ ಐಡಾಹೊ ಮೊದಲ ಕಾನೂನು ಮಾಡಿತು. ಮೇ ಮತ್ತು ಜೂನ್ ತಿಂಗಳಲ್ಲಿ ಟೆನೆಸ್ಸಿ, ಒಕ್ಲಹೋಮ, ಟೆಕ್ಸಸ್ ಅದರ ಹಿಂದೆ ನಡೆದವು. ಸಿದ್ಧಾಂತದ ಹೆಸರು ಇಂಥ ಹಲವು ಕಾನೂನುಗಳಲ್ಲಿ ಬರುವುದೇ ಇಲ್ಲವೆಂಬುದನ್ನು ಗಮನಿಸಿ. ‘ಒಂದು ಜನಾಂಗ ಹುಟ್ಟಿನಿಂದಲೇ ಮೇಲು ಅಥವಾ ಕೀಳು ಎಂದು ಕಲಿಸಬಾರದು’, ‘ಹಿಂದಿನವರ ಕೃತ್ಯಕ್ಕೆ ಇಂದಿನ ಮಗುವನ್ನು ಅದರ ಜನಾಂಗದ ಕಾರಣಕ್ಕೆ ಹೊಣೆ ಮಾಡಬಾರದು’ ಎಂಬ ಧಾಟಿಯ ಸಾಲುಗಳನ್ನು ಓದಿದರೆ ತಕರಾರು ಮಾಡುವವರು ವಿರಳ. ತೊಡಕಿರುವುದು ಮುಂದಿನ ಸಾಲುಗಳಲ್ಲಿ. ತನ್ನ ಜನಾಂಗದ ಕಾರಣಕ್ಕೆ ಯಾರಾದರೂ ಅಳುಕು, ಅಪರಾಧಿ ಭಾವ ಅಥವಾ ಮಾನಸಿಕ ಯಾತನೆಯನ್ನು ಅನುಭವಿಸಬೇಕೆಂದು ಕಲಿಸಬಾರದು ಎನ್ನುತ್ತದೆ ಒಕ್ಲಹೋಮದ ಕಾನೂನು. ‘ಅನುಭವಿಸಬೇಕೆಂದು ಕಲಿಸುವುದು’ ಒಂದು. ಪಾಠ ಕೇಳಿದ ಮಗುವಿಗೆ ತಾನಾಗಿಯೇ ಅಳುಕುಂಟಾಗುವುದು ಇನ್ನೊಂದು. ಕಾನೂನು ತಡೆಯುವುದು ಮೊದಲನೆಯದನ್ನು, ಶಿಕ್ಷಕರು ಹೆದರುವುದು ಎರಡನೆಯದಕ್ಕೆ. ಇದೇ ರಾಜ್ಯದ ಟಲ್ಸಾ ನಗರದಲ್ಲಿ 1921ರಲ್ಲಿ ಬಿಳಿಯರ ಗುಂಪುಗಳು ಗ್ರೀನ್‌ವುಡ್ ಎಂಬ ಕಪ್ಪುಜನರ ಬಡಾವಣೆಯನ್ನು ಎರಡು ದಿನಗಳಲ್ಲಿ ಸುಟ್ಟು ಬೂದಿ ಮಾಡಿದ್ದವು. ಆ ಹತ್ಯಾಕಾಂಡ ರಾಜ್ಯದ ಪಠ್ಯ ಮಾನದಂಡದಲ್ಲೇ ಇದೆ, ಮಾನದಂಡದಲ್ಲಿರುವುದನ್ನು ಕಲಿಸಬಹುದೆಂದು ಕಾನೂನೇ ಹೇಳುತ್ತದೆ. ಆದರೂ ಶಿಕ್ಷಕರ ತರಬೇತಿಯೊಂದರ ಮೇಲೆ ಬಂದ ದೂರಿನಿಂದಾಗಿ 2022ರ ಜುಲೈನಲ್ಲಿ ಟಲ್ಸಾ ಜಿಲ್ಲೆಯ ಮಾನ್ಯತೆಯ ದರ್ಜೆಯನ್ನೇ ಇಳಿಸಲಾಯಿತು. ಇದನ್ನು ನೋಡಿದ ಶಿಕ್ಷಕಿಯೊಬ್ಬಳು 1921ರ ಪಾಠವನ್ನು ಎರಡು ನಿಮಿಷದಲ್ಲಿ ಮುಗಿಸಿದರೆ, ಅವಳನ್ನು ಹೇಡಿಯೆನ್ನುವುದು ನನಗಂತೂ ಕಷ್ಟ.

ಟೆಕ್ಸಸ್‌ನ ಕಾನೂನಿನಲ್ಲಿ ಇನ್ನೊಂದು ಸಾಲಿದೆ, ಇಡೀ ವಿವಾದದ ಬೇರು ಅಲ್ಲಿದೆಯೆಂದು ನನ್ನ ಎಣಿಕೆ. ಗುಲಾಮಗಿರಿ ಮತ್ತು ವರ್ಣಭೇದಗಳು ದೇಶದ ಮೂಲ ತತ್ವಗಳಿಂದ ಜಾರಿದ್ದರ, ಆ ತತ್ವಗಳಿಗೆ ಬಗೆದ ದ್ರೋಹದ ಫಲವಲ್ಲದೆ ಬೇರೇನೋ ಎಂದು ಕಲಿಸಬಾರದೆಂದು ಅದು ಹೇಳಿತು. ತತ್ವ ಚೊಕ್ಕಟವಾಗಿತ್ತು, ನಡೆ ತಪ್ಪಿತು ಎಂಬುದು ಒಂದು ಕಥನ; ತಪ್ಪು ಅಡಿಪಾಯದಲ್ಲೇ ಸೇರಿತ್ತು ಎಂಬುದು ಇನ್ನೊಂದು. ಎರಡನೆಯ ಕಥನವನ್ನು 2019ರ ಆಗಸ್ಟ್‌ನಲ್ಲಿ ಗುಲಾಮಗಿರಿಯನ್ನು ದೇಶದ ಇತಿಹಾಸದ ಕೇಂದ್ರದಲ್ಲಿಟ್ಟ ನ್ಯೂಯಾರ್ಕ್ ಟೈಮ್ಸ್‌ನ ಲೇಖನಮಾಲೆ ‘1619 ಪ್ರಾಜೆಕ್ಟ್’ ಮುಂದಿಟ್ಟಿತ್ತು, ಮತ್ತು ಅದನ್ನು ಓದಿ ಅರ್ಥಮಾಡಿಕೊಳ್ಳಬೇಕೆಂದು ವಿದ್ಯಾರ್ಥಿಗಳನ್ನು ಒತ್ತಾಯಿಸಬಾರದೆಂದೂ ಇದೇ ಕಾನೂನು ಹೇಳಿತು. ಆ ಪ್ರಾಜೆಕ್ಟ್‌ನಲ್ಲೂ ದೋಷವಿರಲಿಲ್ಲವೆಂದಲ್ಲ: ಸ್ವಾತಂತ್ರ್ಯ ಹೋರಾಟಕ್ಕೆ ಗುಲಾಮಗಿರಿಯ ರಕ್ಷಣೆಯೇ ಒಂದು ಮುಖ್ಯ ಕಾರಣವೆಂಬ ಅದರ ಮಾತನ್ನು ಹಿರಿಯ ಇತಿಹಾಸಕಾರರು ಪ್ರಶ್ನಿಸಿದಾಗ, ‘ಕೆಲವು’ ವಸಾಹತುಗಾರರಿಗೆ ಎಂದು ಪತ್ರಿಕೆ 2020ರ ಮಾರ್ಚ್‌ನಲ್ಲಿ ತಿದ್ದಿಕೊಂಡಿತು. ಇತಿಹಾಸಕಾರರು ವಾದಿಸಿ ತಿದ್ದಬೇಕಾದ ಸಂಗತಿಯನ್ನು ಶಾಸನಸಭೆ ಬಹುಮತದಿಂದ ತೀರ್ಮಾನಿಸುವುದು ಮಾತ್ರ ನನಗೆ ವಿಚಿತ್ರವಾಗಿ ಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಪಾಠದ ಕಾಗದವನ್ನು ಕೇಳಿ ತರಿಸಿಕೊಳ್ಳಿ

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಚಾಳಿ ಎರಡೂ ಕಡೆ ಇದೆ. ಶಾಲೆಗಳಲ್ಲಿ ಇಂಥದ್ದೇನೂ ನಡೆಯುತ್ತಿಲ್ಲ, ಎಲ್ಲವೂ ಕಟ್ಟುಕಥೆ ಎನ್ನುವವರಿಗೆ ಕೆಲವು ಸಂಗತಿಗಳನ್ನು ನೆನಪಿಸಬೇಕು. 2020ರ ಜುಲೈನಲ್ಲಿ ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂ, ಕಷ್ಟಪಟ್ಟು ದುಡಿಯುವುದನ್ನೂ ತರ್ಕಬದ್ಧ ಚಿಂತನೆಯನ್ನೂ ‘ಬಿಳಿಯ ಸಂಸ್ಕೃತಿ’ಯ ಲಕ್ಷಣಗಳೆಂದು ಪಟ್ಟಿ ಮಾಡಿದ ಚಿತ್ರಪಟವನ್ನು ಪ್ರಕಟಿಸಿ, ಟೀಕೆ ಬಂದ ಮೇಲೆ ತೆಗೆದುಹಾಕಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, 2021ರ ಜನವರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಸ್ಕೂಲ್ ಬೋರ್ಡ್ ಲಿಂಕನ್, ವಾಷಿಂಗ್ಟನ್ ಮೊದಲಾದವರ ಹೆಸರಿದ್ದ 44 ಶಾಲೆಗಳ ಹೆಸರನ್ನು, ಆ ಹೆಸರುಗಳಿಗೆ ಗುಲಾಮಗಿರಿ, ದಬ್ಬಾಳಿಕೆಗಳ ನಂಟಿದೆಯೆಂದು, ಬದಲಿಸಲು ನಿರ್ಧರಿಸಿ, ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು; ಮರುವರ್ಷ ಫೆಬ್ರುವರಿಯಲ್ಲಿ ಅದರ ಮೂವರು ಸದಸ್ಯರನ್ನು ಮತದಾರರು ಕೆಳಗಿಳಿಸಿದರು. ಇವು ಡೆರಿಕ್ ಬೆಲ್ ಬರೆದ ಸಿದ್ಧಾಂತವಲ್ಲ ಎಂಬುದು ನಿಜ. ಆದರೆ ತಂದೆತಾಯಂದಿರ ಸಿಟ್ಟಿಗೆ ಬೆಂಕಿಯಿಲ್ಲದೆ ಹೊಗೆಯಾಡಿತು ಎನ್ನುವುದೂ ಸರಿಯಲ್ಲ.

ಇನ್ನೊಂದು ಕಡೆಗೆ ತಿರುಗಿ. 1960ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆರು ವರ್ಷದ ರೂಬಿ ಬ್ರಿಜಸ್ ಎಂಬ ಕಪ್ಪು ಬಾಲಕಿ, ಕಿರುಚುವ ಬಿಳಿಯರ ಗುಂಪಿನ ನಡುವೆ ಫೆಡರಲ್ ಮಾರ್ಷಲ್‌ಗಳ ರಕ್ಷಣೆಯಲ್ಲಿ, ಅಲ್ಲಿಯವರೆಗೆ ಬಿಳಿಯ ಮಕ್ಕಳಷ್ಟೇ ಓದುತ್ತಿದ್ದ ಶಾಲೆಗೆ ನಡೆದುಹೋದಳು. ಅವಳ ಕಥೆಯುಳ್ಳ ಎರಡನೆಯ ತರಗತಿಯ ಓದಿನ ಮೇಲೆ 2021ರಲ್ಲಿ ಟೆನೆಸ್ಸಿಯ ವಿಲಿಯಮ್ಸನ್ ಕೌಂಟಿಯಲ್ಲಿ ಹೊಸ ಕಾನೂನಿನಡಿ ದೂರು ದಾಖಲಾಯಿತು. ತಾಂತ್ರಿಕ ಕಾರಣ ಕೊಟ್ಟು ರಾಜ್ಯದ ಶಿಕ್ಷಣ ಇಲಾಖೆ ಅದನ್ನು ತಿರಸ್ಕರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಕ್ಸಸ್‌ನ ಸೌತ್‌ಲೇಕ್‌ನಲ್ಲಿ, ವಿವಾದಿತ ವಿಷಯಗಳಿಗೆ ಬೇರೆ ಬೇರೆ ದೃಷ್ಟಿಕೋನಗಳನ್ನು ಒದಗಿಸಬೇಕೆಂಬ ಕಾನೂನಿನ ಮಾತನ್ನು ನಂಬಿದ ಅಧಿಕಾರಿಯೊಬ್ಬರು, ಯಹೂದಿಗಳ ನರಮೇಧದ ಪುಸ್ತಕವಿಟ್ಟರೆ ಎದುರು ದೃಷ್ಟಿಯ ಪುಸ್ತಕವನ್ನೂ ಇಡಿ ಎಂದು ಶಿಕ್ಷಕರಿಗೆ ಹೇಳಿ, ಆಮೇಲೆ ಜಿಲ್ಲೆಯೇ ಕ್ಷಮೆ ಕೇಳಬೇಕಾಯಿತು.

ಭಾರತೀಯ ಕುಟುಂಬಗಳು ಈ ವಿವಾದದೊಳಗೆ ಬಂದದ್ದು ಹೆಚ್ಚಾಗಿ ಇನ್ನೊಂದು ಬಾಗಿಲಿನಿಂದ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯ ಪ್ರಸಿದ್ಧ ಥಾಮಸ್ ಜೆಫರ್ಸನ್ ವಿಜ್ಞಾನ ಪ್ರೌಢಶಾಲೆ 2020ರ ಕೊನೆಯಲ್ಲಿ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟಿತು. ಸೀಟು ಪಡೆದವರಲ್ಲಿ ಏಷ್ಯನ್ ಮೂಲದವರ ಪಾಲು ಸುಮಾರು 73 ಪ್ರತಿಶತದಿಂದ 54ಕ್ಕೆ ಇಳಿಯಿತು. ತಂದೆತಾಯಂದಿರ ಒಕ್ಕೂಟ ಕೋರ್ಟಿಗೆ ಹೋಯಿತು, ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಶಾಲಾ ಮಂಡಳಿಯ ಪರ ನಿಂತಿತು, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಪಲಿಲ್ಲ. ಇದು ಪ್ರವೇಶ ನೀತಿಯ ಪ್ರಶ್ನೆ, ಪಾಠದ ಪ್ರಶ್ನೆಯಲ್ಲ. ಆದರೂ ಊಟದ ಮೇಜಿನ ಮಾತಿನಲ್ಲಿ ಎರಡೂ ‘ಸಿಆರ್‌ಟಿ’ಯೇ ಆಗಿಹೋಗಿರುತ್ತವೆ. ಬೇರ್ಪಡಿಸಿ ಮಾತನಾಡಿ.

ಐದನೆಯ ಹೆಜ್ಜೆ: ನ್ಯಾಯಾಲಯ ಹೇಳಿದ್ದನ್ನು ಸೇರಿಸಿಕೊಳ್ಳಿ

ಸರ್ಕಾರಿ ಶಾಲೆಯ ಶಿಕ್ಷಕರಿಗೆ ತರಗತಿಯಲ್ಲಿ ಮಾತಿನ ಸ್ವಾತಂತ್ರ್ಯ ನಾವು ಊಹಿಸುವಷ್ಟಿಲ್ಲ. ಪಠ್ಯ ಸರ್ಕಾರದ ಮಾತೆಂದೇ ನ್ಯಾಯಾಲಯಗಳು ಹೆಚ್ಚಾಗಿ ನೋಡುತ್ತವೆ. ಆದ್ದರಿಂದ ಕಾನೂನುಗಳು ಬಿದ್ದಾಗ ಬಿದ್ದದ್ದು ಬೇರೆ ಕಾರಣಗಳಿಗೆ. ಟೂಸಾನ್‌ನ ಮೆಕ್ಸಿಕನ್ ಅಮೆರಿಕನ್ ಅಧ್ಯಯನ ತರಗತಿಗಳನ್ನು ಮುಚ್ಚಿಸಿದ ಅರಿಝೋನದ 2010ರ ಕಾನೂನಿನ ಹಿಂದೆ ಜನಾಂಗೀಯ ದ್ವೇಷವಿತ್ತೆಂದು 2017ರಲ್ಲಿ ನ್ಯಾಯಾಧೀಶ ವಾಲೇಸ್ ತಾಶಿಮಾ ತೀರ್ಪು ಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದ ಬಾಲಕನೆಂಬ ಕಾರಣಕ್ಕೆ ಅದೇ ಅರಿಝೋನದ ಶಿಬಿರವೊಂದರಲ್ಲಿ ಕೂಡಿಹಾಕಲ್ಪಟ್ಟಿದ್ದವರು ಅವರು. ನ್ಯೂ ಹ್ಯಾಂಪ್‌ಶೈರ್‌ನ ಕಾನೂನನ್ನು 2024ರ ಮೇನಲ್ಲಿ ಫೆಡರಲ್ ನ್ಯಾಯಾಧೀಶರು ತಳ್ಳಿಹಾಕಿದ್ದು, ಏನು ಹೇಳಿದರೆ ಕೆಲಸ ಹೋಗುತ್ತದೆಂದು ಶಿಕ್ಷಕರಿಗೆ ತಿಳಿಯದಷ್ಟು ಅದು ಅಸ್ಪಷ್ಟವಾಗಿದೆ ಎಂಬ ಕಾರಣಕ್ಕೆ. ಫ್ಲೋರಿಡಾದ 2022ರ ಕಾನೂನಿನಲ್ಲಿ ವಿಶ್ವವಿದ್ಯಾಲಯಗಳಿಗೂ ಖಾಸಗಿ ಕಂಪನಿಗಳಿಗೂ ಅನ್ವಯಿಸುವ ಭಾಗಗಳಿಗೆ ತಡೆ ಬಿತ್ತು.

ರಾಜಕೀಯವನ್ನು ಚಿಕ್ಕದಾಗಿ ಹೇಳಬಹುದು. ಶಾಲೆ ಏನು ಕಲಿಸಬೇಕೆಂದು ಪೋಷಕರು ಹೇಳಬಾರದೆಂಬ ಅರ್ಥದ ಮಾತನ್ನು ಚರ್ಚೆಯೊಂದರಲ್ಲಿ ಆಡಿದ ಡೆಮಾಕ್ರಟಿಕ್ ಪಕ್ಷದ ಟೆರಿ ಮೆಕಾಲಿಫ್ 2021ರ ನವೆಂಬರ್‌ನಲ್ಲಿ ವರ್ಜೀನಿಯಾದ ಗವರ್ನರ್ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಗ್ಲೆನ್ ಯಂಗ್‌ಕಿನ್ ಎದುರು ಸೋತರು. 2025ರ ಜನವರಿ 29ರಂದು ಟ್ರಂಪ್ ಮತ್ತೆ ಆದೇಶ ಹೊರಡಿಸಿದರು, ಈ ಬಾರಿ ನೇರವಾಗಿ ಶಾಲೆಗಳ ಮೇಲೆ, ಫೆಡರಲ್ ಹಣದ ಹಗ್ಗ ಹಿಡಿದು.

ಕೊನೆಯ ಹೆಜ್ಜೆ: ಅಲ್ಲಿರುವ ಪೋಷಕರಿಗೆ

ಶಿಕ್ಷಕರಿಗೆ ಮೊದಲು ಒಂದು ಪತ್ರ ಬರೆದು, ಪಾಠದ ಹಾಳೆ ಮತ್ತು ಓದಿನ ಪಟ್ಟಿಯನ್ನು ಕೇಳಿ. ಸಿಗದಿದ್ದರೆ ರಾಜ್ಯದ ಸಾರ್ವಜನಿಕ ದಾಖಲೆಗಳ ಕಾನೂನಿನಡಿ, ನಮ್ಮ ಮಾಹಿತಿ ಹಕ್ಕಿನ ಅರ್ಜಿಯಂತೆಯೇ, ಜಿಲ್ಲೆಗೆ ಅರ್ಜಿ ಹಾಕಬಹುದು. ಸ್ಕೂಲ್ ಬೋರ್ಡ್ ಸಭೆಗಳಲ್ಲಿ ಸಾರ್ವಜನಿಕರಿಗೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಮಾತನಾಡಲು ಅವಕಾಶವಿರುತ್ತದೆ. ಮೊದಲೇ ಹೆಸರು ಬರೆಸಬೇಕಾಗಬಹುದು. ಎಚ್‌-1ಬಿ ವೀಸಾದಲ್ಲಿರುವವರಿಗೆ ಹೆಚ್ಚಿನ ಕಡೆ ಬೋರ್ಡ್ ಚುನಾವಣೆಯಲ್ಲಿ ಮತವಿಲ್ಲ, ಸ್ಯಾನ್ ಫ್ರಾನ್ಸಿಸ್ಕೊ ಒಂದು ಅಪವಾದ. ಸಭೆಯಲ್ಲಿ ಮಾತನಾಡಲು ಮಾತ್ರ ಪೌರತ್ವ ಬೇಕಿಲ್ಲ. ಆ ಮೂರು ನಿಮಿಷದಲ್ಲಿ ಸಿದ್ಧಾಂತದ ಹೆಸರನ್ನು ಒಮ್ಮೆಯೂ ಎತ್ತದೆ, ಇಂಥ ತರಗತಿಯ ಇಂಥ ಹಾಳೆಯ ಇಂಥ ಸಾಲು ನನ್ನ ಮಗುವಿಗೆ ಬೇಕು, ಅಥವಾ ಬೇಡ, ಕಾರಣ ಇದು ಎಂದು ಹೇಳಿ, ಹಾಳೆಯ ಪ್ರತಿಯನ್ನು ಬೋರ್ಡಿನ ಕಾರ್ಯದರ್ಶಿಯ ಕೈಗೆ ಕೊಟ್ಟು ಬನ್ನಿ.