ಕಿಮೋ ಮಾತ್ರೆಗೆ ಗಟ್ಟಿಯಾದ ಅಂಗೈ: ನಾನು ಕತ್ತರಿ ಬಿಡದೆ ಉಳಿದದ್ದು ಹೇಗೆ

ಕ್ಯಾಪೆಸಿಟಾಬಿನ್ ಅನ್ನೋ ಕಿಮೋ ಮಾತ್ರೆ ಎಂಟು ಸೈಕಲ್ ಮುಗಿಸಿದೆ. ಮಾತ್ರೆ ತಗೊಳ್ಳುವ ದಿನಗಳು, ಆಮೇಲೆ ಏಳು ದಿನ ಬಿಡುವು, ಎರಡೂ ಸೇರಿ ಒಂದು ಸೈಕಲ್. ಕೊನೆಯ ನಾಲ್ಕರಲ್ಲಿ ಹೊಲಿಗೆ ಒಂದು ದಿನವೂ ನಿಲ್ಲಲಿಲ್ಲ. "ಈ ಕೈಯಲ್ಲಿ ಇನ್ನು ಆಗಲ್ಲ ಬಿಡು" ಅಂದಿದ್ದ ಅತ್ತಿಗೆಯ ರವಿಕೆಯನ್ನೂ ನಾನೇ ಹೊಲಿದುಕೊಟ್ಟೆ.

ಎರಡನೇ ಸೈಕಲ್‌ನಲ್ಲಿ ಅಂಗೈ ಕೆಂಪಾಗಿ ಉರಿ ಶುರುವಾಯಿತು. ಮೂರನೆಯದರ ಹೊತ್ತಿಗೆ ಕತ್ತರಿ ಹಿಡಿಯುವ ಜಾಗ, ಹಿಮ್ಮಡಿ ಎರಡೂ ಆಣಿ ಕಟ್ಟಿದ ಹಾಗೆ ದಪ್ಪ. ಬಿಸಿನೀರಲ್ಲಿ ನೆನೆಸಿ ಕಲ್ಲಿನಿಂದ ಉಜ್ಜಿದೆ. ದೊಡ್ಡ ತಪ್ಪು. ಎರಡೇ ದಿನಕ್ಕೆ ಬೊಬ್ಬೆ ಬಂದು, ಚರ್ಮ ಸುಲಿದು, ಕಾಲೂರಲು ಆಗಲಿಲ್ಲ. ಡಾಕ್ಟರು ಸುಮಾರು 10 ದಿನ ಮಾತ್ರೆ ನಿಲ್ಲಿಸಿ, ಆಮೇಲೆ ಡೋಸ್ ಇಳಿಸಿದರು. ಕ್ಯಾನ್ಸರ್ ಮಾತ್ರೆಯನ್ನೇ ಬಿಡಬೇಕಾಯಿತಲ್ಲ ಅಂತ ಅವತ್ತು ಅತ್ತಿದ್ದೆ.

ಬಿ6 ವಿಟಮಿನ್ ಮಾತ್ರೆ, ಎಣ್ಣೆ, ಮುಲಾಮು ಅಂತ 3,000 ರೂಪಾಯಿ ಹತ್ತಿರ ಸುಮ್ನೆ ಹೋಯಿತು. ಕೊಬ್ಬರಿ ಎಣ್ಣೆ ಮೇಲೆ ಮಿರುಗಿತು, ಒಳಗಿನ ಗಟ್ಟಿ ಕರಗಲಿಲ್ಲ. ಯಾರೋ ಹೇಳಿದರು ಅಂತ ಮದರಂಗಿಯನ್ನೂ ಎರಡು ಸಲ ಹಚ್ಚಿದೆ. ಉರಿ ಹಾಗೇ ಇತ್ತು, ಆದರೆ ಬಣ್ಣದಲ್ಲಿ ಕೆಂಪು ಮುಚ್ಚಿಹೋಗಿ ಡಾಕ್ಟರಿಗೆ ಕೈ ನೋಡಿ ಹೇಳಲು ಆಗಲಿಲ್ಲ.

ಕೆಲಸ ಮಾಡಿದ್ದು 10% ಯೂರಿಯಾ ಕ್ರೀಮ್. ಗಟ್ಟಿಯಾದ ಮೇಲಲ್ಲ, ಸೈಕಲ್‌ನ ಮೊದಲ ಮಾತ್ರೆಯ ದಿನದಿಂದಲೇ, ದಿನಕ್ಕೆ ಮೂರು ಸಲ. ಮಾತ್ರೆ ಇಲ್ಲದ ಏಳು ದಿನವೂ ಬಿಡಲಿಲ್ಲ. ಜಾಸ್ತಿ ಸ್ಟ್ರಾಂಗ್ ಇರುವುದನ್ನು ತಂದಿದ್ದೆ, ಬಿರುಕಿನ ಮೇಲೆ ಬೆಂಕಿ ಇಟ್ಟ ಹಾಗಾಯಿತು. ತಿಂಗಳಿಗೆ ನಾಲ್ಕು ಟ್ಯೂಬ್, 800 ರೂಪಾಯಿ ಆಸುಪಾಸು.

ಇನ್ನೊಂದು, ನೋವಿಗೆ ಹಚ್ಚುವ 1% ಡೈಕ್ಲೋಫೆನಾಕ್ ಜೆಲ್, ಅಂಗೈಗೆ ದಿನಕ್ಕೆ ಎರಡು ಸಲ. ಮೆಡಿಕಲ್ ಶಾಪಿನವರೇ ನಂಬಲಿಲ್ಲ, "ಅದು ಬೆನ್ನುನೋವಿಗಲ್ವಾ ಅಕ್ಕಾ" ಅಂದರು. ದೆಹಲಿಯ ಏಮ್ಸ್‌ನಲ್ಲಿ ಇದೇ ಕಿಮೋ ಮಾತ್ರೆ ತಗೊಳ್ಳುವವರಲ್ಲಿ ಇದನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ್ದಾರೆ. ಕೆಲಸಕ್ಕೆ ಅಡ್ಡಿಯಾಗುವಷ್ಟು ತೊಂದರೆ ಜೆಲ್ ಹಚ್ಚಿದವರಲ್ಲಿ 100ಕ್ಕೆ 4 ಜನಕ್ಕೆ, ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ 15 ಜನಕ್ಕೆ. ನಾನು ಡಾಕ್ಟರನ್ನು ಕೇಳಿಯೇ ಹಚ್ಚಿದ್ದು, ನೀವೂ ಕೇಳಿ. ಒಡೆದ ಚರ್ಮಕ್ಕೆ ಬೇಡವೇ ಬೇಡ.

ರಾತ್ರಿ ಕ್ರೀಮ್ ಮೇಲೆ ಹಳೇ ಬನಿಯನ್ ಬಟ್ಟೆಯ ಗ್ಲೌಸ್, ಕಾಲುಚೀಲ. ನಾನೇ ಹೊಲಿದದ್ದು, ಹೊಲಿಗೆ ಹೊರಗಡೆ ಬರುವ ಹಾಗೆ, ಒಳಗಿದ್ದರೆ ಉಜ್ಜುತ್ತದೆ. ಹೆಬ್ಬೆರಳಿನ ಕಟಿಂಗ್ ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಕೈಚಳಕ. ಕತ್ತರಿ ಹಿಡಿಗೂ ಅದೇ ಬಟ್ಟೆ ಸುತ್ತಿದ್ದೇನೆ.

ಬೆರಳಿನ ಗೆರೆ ಮಾತ್ರ ಅಳಿಸಿಹೋಗಿತ್ತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಮೂರು ತಿಂಗಳು ತಗೊಳ್ಳಲೇ ಇಲ್ಲ, ಓಟಿಪಿಯಲ್ಲೇ ಅಕ್ಕಿ ತಂದೆವು. ಹೋದ ತಿಂಗಳು ಎರಡನೇ ಸಲ ಒತ್ತಿದಾಗ ತಗೊಂಡಿತು.