ಇಎಸ್‌ಪಿ-01 ಪದೇ ಪದೇ ರೀಸೆಟ್: ನನ್ನ ಅನುಭವ

ಮುಂಬೈಯ ಮಾಟುಂಗದಲ್ಲಿ ಭಾವನ ಮನೆಯ ನೀರಿನ ಟ್ಯಾಂಕಿಗೆ ಇಎಸ್‌ಪಿ-01 ಎಂಬ ಪುಟ್ಟ ವೈಫೈ ಮಾಡ್ಯೂಲ್ ಜೋಡಿಸುತ್ತಿದ್ದೆ. ವೈಫೈ ಹಿಡಿಯುವಷ್ಟರಲ್ಲಿ ರೀಸೆಟ್. "ಕೋಡೇ ತಪ್ಪಿರಬೇಕು ನೋಡು ಮಾರಾಯ" ಅಂದರು ಭಾವ. ಎರಡು ರಾತ್ರಿ ಕೆದಕಿದ್ದೇ ಬಂತು. ತಪ್ಪು ಕರೆಂಟಿನದು: ಕಂಪ್ಯೂಟರಿನಿಂದ ಕೋಡ್ ಹಾಕುವ ಯುಎಸ್‌ಬಿ-ಸೀರಿಯಲ್ ಬೋರ್ಡಿನಿಂದಲೇ ಮಾಡ್ಯೂಲಿಗೂ ಕರೆಂಟ್ ಕೊಟ್ಟಿದ್ದೆ. ಆ ಬೋರ್ಡಿನ ಎಫ್‌ಟಿ232ಆರ್‌ಎಲ್ ಚಿಪ್ಪಿನ 3.3 ವೋಲ್ಟ್ ಪಿನ್ ಕೊಡುವುದು ಹೆಚ್ಚೆಂದರೆ 50 ಮಿಲಿಆಂಪ್. ವೈಫೈ ಕಳಿಸುವ ಕ್ಷಣಕ್ಕೆ ಮಾಡ್ಯೂಲ್ 300ರ ಆಸುಪಾಸು ಎಳೆಯುತ್ತದೆ. ಹಾಗಂತ ಯುಎಸ್‌ಬಿಯ 5 ವೋಲ್ಟ್ ನೇರ ಕೊಡುವಂತಿಲ್ಲ, ಮಾಡ್ಯೂಲಿನ ಮಿತಿ 3.6 ವೋಲ್ಟ್.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಿಂದ, 5 ವೋಲ್ಟನ್ನು 3.3ಕ್ಕೆ ಇಳಿಸುವ ಎಎಂಎಸ್1117-3.3 ರೆಗ್ಯುಲೇಟರ್ ತಂದು ಫೋನ್ ಚಾರ್ಜರಿಗೆ ಸೇರಿಸಿದೆ. ರೆಗ್ಯುಲೇಟರಿನ ಲೋಹದ ಬೆನ್ನು ಗ್ರೌಂಡ್ ಅಲ್ಲ, ಔಟ್‌ಪುಟ್! ಗ್ರೌಂಡ್ ಅಂದುಕೊಂಡು ಬೆಸುಗೆ ಹಾಕಲು ಹೊರಟಿದ್ದೆ. ಪುಣ್ಯಕ್ಕೆ ಮಲ್ಟಿಮೀಟರ್ ಹಿಡಿದು ನೋಡಿದೆ. ಮಾಡ್ಯೂಲಿನ ಪಿನ್ನುಗಳ ಬುಡದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಆ ಕ್ಷಣದ ಎಳೆತಕ್ಕೆ ಆಸರೆಯಾಗಲೆಂದು. ಸೀರಿಯಲ್ ಬೋರ್ಡಿನ ಗ್ರೌಂಡನ್ನೂ ರೆಗ್ಯುಲೇಟರಿನ ಗ್ರೌಂಡಿಗೆ ಸೇರಿಸಲು ಮರೆತು ಅರ್ಧ ಗಂಟೆ ಹಾಳು. ಆಮೇಲೆ ಒಮ್ಮೆಯೂ ರೀಸೆಟ್ ಆಗಿಲ್ಲ.